ಯಂಕವ್ವನ ಕೈಗುಣದ ಸರಾಸರಿ

ಕಿರ್ ಕಿರ್ ಎನ್ನುತ್ತಿದೆ ತೊಟ್ಟಿಲ ಕೊಂಡಿ, ಎಣ್ಣೆ ಬಿಡಬೇಕು, ಬಿಡೋಣ, ಮೊದಲು ಇದನ್ನು ಇನ್ನೊಮ್ಮೆ ನೋಡಬೇಕು — ಶೈಲಶ್ರೀ ಲ್ಯಾಪ್‌ಟಾಪಿನ ಹತ್ತಿರ ಮುಖ ತಂದಳು, ಸೊನ್ನೆ ಬಿಂದು ಎಂಟು ಒಂದು, ಮತ್ತೆ ಅದೇ, ಮೈ ಜುಮ್ಮೆಂದಿತು. ಅತ್ತ ಅವ್ವ, ಯಂಕವ್ವ, ತೊಟ್ಟಿಲ ಹಗ್ಗ ಜಗ್ಗುತ್ತಿದ್ದಾಳೆ, ಹಗ್ಗ ಮಾತ್ರ, ಮೊಮ್ಮಗ, ಶೈಲಶ್ರೀಯ ಮಗ, ಬೋರಲು ಬೀಳುವಷ್ಟು ದೊಡ್ಡವನಾದರೂ ಒಂದು ದಿನವೂ ಎತ್ತಿಕೊಂಡಿಲ್ಲ, ಬ್ಯಾಡವಾ, ನನ್ನ ಕೈ ಚಲೋ ಅಲ್ಲ, ಎಂದು ಎರಡೂ ಕೈ ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ — ಶೈಲಶ್ರೀಗಿಂತ ಮುಂಚಿನ ಗಂಡುಕೂಸುಗಳೆರಡೂ ಆ ಕೈಯಲ್ಲೇ ಕಣ್ಣು ಮುಚ್ಚಿದ್ದವು, ಅಜ್ಜಿ ಅಂದದ್ದು ಒಂದೇ ಮಾತು, ಈಕಿ ಕೈಗುಣಾನ ಸರಿ ಇಲ್ಲ, ಮುಗಿಯಿತು, ಶೈಲಶ್ರೀ ಬೆಳೆದದ್ದು ಅಜ್ಜಿಯ ತೊಡೆಯ ಮೇಲೆ, ಅವ್ವನ ತೋಳು ಹೇಗಿರುತ್ತದೋ ಅವಳಿಗೆ ಗೊತ್ತಿಲ್ಲ, ಅಬಲೂರಿನಲ್ಲಿ ಮೆಣಸಿನ ಸಸಿ ನೆಡುವಾಗಲೂ ಅವ್ವನನ್ನು ಯಾರೂ ಕರೆಯುವುದಿಲ್ಲ, ಕರೆಯುವುದು ಪಕ್ಕದ ಮನೆಯ ಗೌಸಬಿಯನ್ನು, ಬರ್ರಿ, ನಿಮ್ಮ ಕೈ ಹತ್ತಿದ್ರ ಸಾಕ್ರಿ, ಬೆಳಿ ತಾನ ಬರ್ತೈತಿ — ಅದನ್ನೇ ತಾನೇ ಶೈಲಶ್ರೀ ಎಂ.ಎಸ್ಸಿ.ಗೆ ಪ್ರಯೋಗ ಮಾಡಿದ್ದು, ಗೈಡ್ ಮಹಾಲಿಂಗಪ್ಪ ಸರ್ ನಕ್ಕಿದ್ದರು, ಕೈಗುಣ ಅಳೀತೀಯೇನ ತಂಗಿ, ಅಳೀತೇನ್ರಿ ಸರ್, ಒಂದೇ ಹೊಲ, ಒಂದೇ ಬೀಜ, ಯಾವ ಸಾಲು ಅವ್ವನದು ಯಾವುದು ಗೌಸಬಿಯದು ಎಂದು ಚೀಟಿ ಎತ್ತಿದ್ದು, ಅವ್ವ ಅಂಜುತ್ತ ಅಂಜುತ್ತ ಸಸಿ ಊರಿದ್ದು, ಕಾಯಿ ತೂಗಿದವರಿಗೆ ಯಾರ ಸಾಲೆಂದು ಹೇಳದೆ ಇದ್ದದ್ದು.

ಮತ್ತು ಈಗ ಇದು, ಎರಡು ಸರಾಸರಿ ಅಕ್ಕಪಕ್ಕ, ಅವ್ವನ ಸಾಲುಗಳದೊಂದು, ಗೌಸಬಿಯ ಸಾಲುಗಳದೊಂದು, ನಡುವೆ ಕೂದಲೆಳೆಯಷ್ಟು ಅಂತರ, ಗೌಸಬಿಯ ಒಂದು ಸಾಲಿಗೂ ಇನ್ನೊಂದು ಸಾಲಿಗೂ ಇರುವ ಏರುಪೇರೇ ಅದಕ್ಕಿಂತ ಎಷ್ಟೋ ದೊಡ್ಡದು, ಸೊನ್ನೆ ಬಿಂದು ಎಂಟು ಒಂದು ಅಂದರೆ ಎರಡೂ ಕೈ ಒಂದೇ ಆಗಿದ್ದರೂ ಹತ್ತಕ್ಕೆ ಎಂಟು ಸಲ ಇಷ್ಟೋ ಇದಕ್ಕಿಂತ ಹೆಚ್ಚೋ ಅಂತರ ಸುಮ್ಮನೆ ಬಂದೀತು ಎನ್ನುತ್ತಿದೆ ಲೆಕ್ಕ — ಅಬ್ಬಾ, ಎಂಥ ಸೂತ್ರ, ಅದಕ್ಕೆ ಅಜ್ಜಿ ಗೊತ್ತಿಲ್ಲ, ಸತ್ತ ಕೂಸುಗಳು ಗೊತ್ತಿಲ್ಲ, ಇಡೀ ಊರು ಕೇಳದ ಪ್ರಶ್ನೆಯೊಂದನ್ನು ಅದು ಕೇಳಿದೆ, ಈ ಅಂತರ ಕೈಯದೋ, ಬರೀ ಏರುಪೇರೋ, ಕೇಳಿ ಅವ್ವನನ್ನು ಎಲ್ಲರ ಪಕ್ಕದಲ್ಲಿ ಕೂರಿಸಿದೆ, ಶೈಲಶ್ರೀ ಈಚೆ ತಿರುಗಿದಳು, ಅವ್ವಾ, ನಿನ್ನ ಕೈಗೂ ಗೌಸಬಿ ಕೈಗೂ ಫರಕ ಸಿಗಲಿಲ್ಲ. ಅವ್ವನ ಕೈಯಲ್ಲಿ ಹಗ್ಗ ನಿಂತಿತು. ಸಿಗಲಿಲ್ಲಂದ್ರ ಇಲ್ಲಂತೇನು? ಹೌದೆಂದು ಬಿಡಲೇ, ಒಂದು ಸುಳ್ಳಿಗೆ ಕೂಸು ಅವಳ ಮಡಿಲಿಗೆ ಬಂದೀತು, ಆದರೆ ಸರ್ ಎಚ್ಚರಿಸಿದ್ದಾರಲ್ಲ, ಇಲ್ಲ ಅಂತ ಬರೀಬ್ಯಾಡ, ಸಿಗಲಿಲ್ಲ ಅಂತ ಬರಿ, ತಾನೂ ಬರೀ ಮಾತಿನಿಂದಲೇ ನಂಬಿಸುವುದಾದರೆ ಅಜ್ಜಿಗೂ ತನಗೂ ಏನು ಭೇದ — ನನಗ ಗೊತ್ತಿಲ್ಲ ಅವ್ವಾ, ಹುಡುಕೇನಿ, ಹೊಲ ತುಂಬ ಹುಡುಕೇನಿ, ನಿನ್ನ ಕೈಯಾಗ ಕೆಟ್ಟದ್ದೇನೂ ನನಗ ಸಿಗಲಿಲ್ಲ, ಅಷ್ಟ. ಅವ್ವ ಎದ್ದಳು, ಬಚ್ಚಲಲ್ಲಿ ನೀರಿನ ಸದ್ದು, ಎಷ್ಟು ಹೊತ್ತು ತೊಳೆಯುತ್ತಾಳೆ, ಬಂದಳು, ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು, ಕೂಸು ಅಳುತ್ತಿದೆ, ಅವ್ವ ತೊಟ್ಟಿಲ ಮೇಲೆ ಬಾಗಿದಳು, ಕೈ ಚಾಚಿದಳು, ನಿಂತಳು, ಶೈಲಾ, ಎತ್ಕೊಳ್ಳೂದು ಹೆಂಗವಾ, ನನಗ ಮರ್ತ ಹೋಗೈತಿ — ಬಿರುಕು ಬಿಟ್ಟ ಅಂಗೈಗಳು, ಮೇಲೆ ಮುಖ ಮಾಡಿದ ಎರಡು ಕೈ, ಎಲ್ಲರ ಕೈಯಂಥವೇ ಎರಡು ಕೈ.