ಒಂಬತ್ತನೆಯ ಹೆಜ್ಜೆ

"ಎಂಟು ಅಂದ್ರೆ ಎಂಟೇ!" ಹೋಸಿಯತ್ ದಪ್ಪ ರೋಹತಳ ಹೆಗಲು ಹಿಡಿದು ಅರ್ಧ ಗೇಣು ಹಿಂದಕ್ಕೆ ತಳ್ಳಿದಳು. "ದುಂಡಗೆ ನಿಲ್ರೇ. ಇದು ವೃತ್ತವೋ, ಕುಂಬಳಕಾಯೋ?"

"ನಾನು ನಿಂತ ಕಡೆ ಉಬ್ಬತ್ತೆ ಹೋಸಿಯತ್ ಅಪಾ, ಏನ್ಮಾಡ್ಲಿ?"

ಸೂತಕದ ನೀಲಿ ನಡುಪಟ್ಟಿ ಬಿಗಿದ ಹೆಂಗಸರು ನಕ್ಕರು. ಯಾರೂ ಗದರಲಿಲ್ಲ. ಹೋಸಿಯತಳ ತಾಯಿ, ಲೆಕ್ಕದ ಟೀಚರ್ ಮುಯಸ್ಸರ್, ಎಂಬತ್ತೆಂಟು ತುಂಬಿ ತೀರಿಹೋಗಿದ್ದರು. ಸಮರ್‌ಖಂಡದಲ್ಲಿ ಅಂಥ ಸಾವಿಗೆ ಅರ್ಧ ಮದುವೆಯ ಮರ್ಯಾದೆ. ಗಂಡಸರು ಹೆಣ ಹೊತ್ತು ಹೋದ ಮೇಲೆ ಅಂಗಳ ಹೆಂಗಸರದು. ಸುತ್ತ ನಿಂತು, ಸತ್ತವರಿಗಾಗಿ ಕೈ ತಟ್ಟಿ ಹೆಜ್ಜೆ ಹಾಕುವ ಸದ್ರ್ ಕುಣಿತ ತುಳಿಯಬೇಕು.

ಮುದುಕಿ ಹಾಸಿಗೆಯಲ್ಲೇ ವಾರಗಟ್ಟಲೆ ತಾಲೀಮು ಕೊಟ್ಟಿದ್ದರು. ಎಂಟು ಜನ, ನಾಲ್ಕು ಚಪ್ಪಾಳೆ. ಒಬ್ಬಳು ಕೈ ತಟ್ಟಿದರೆ ಪಕ್ಕದವಳು ಕಾಲು. "ಚಪ್ಪಾಳೆಯವರಿಗೆ ದಾರ ಸುತ್ತಿದರೆ ಚೌಕ ಬರಬೇಕು. ಮೂಲೆ ಡೊಂಕಾದ್ರೆ ಎದ್ದು ಬಂದು ಕಿವಿ ಹಿಂಡ್ತೀನಿ." ಅವ್ವನ ಆ ಕೊನೆಯ ಆಸೆ ಕೂದಲೆಳೆಯಷ್ಟೂ ತಪ್ಪಬಾರದು ಎಂದು ಹೋಸಿಯತ್ ಹಟ ಹಿಡಿದಿದ್ದಳು.

ಬಾಗಿಲು ಕಿರುಗುಟ್ಟಿತು. ನೀಲಿ ಪಟ್ಟಿ ಕಟ್ಟಿಕೊಂಡು ನಿಂತಿದ್ದಳು ಸನೋಬರ್, ಪಕ್ಕದ ಮನೆಯ ದೋಯ್ರಾ ತಮಟೆ ಬಾರಿಸುವವಳು. ಹದಿನಾರು ವರ್ಷದಿಂದ ಈ ಹೊಸ್ತಿಲು ತುಳಿಯದವಳು.

*

ನಿವೃತ್ತರಾದ ಮೇಲೆ ಮುಯಸ್ಸರ್ ತಟ್ಟೆಯ ಅಂಚಿಗೆ ಜರ್ದಾಳು ಬೀಜ ಜೋಡಿಸಿ, ತಾಳದ ಏಟು ಬೀಳುವ ಬೀಜಗಳಿಗೆ ದಾರ ಸುತ್ತಿ ಕೂರುತ್ತಿದ್ದರು. ಆಮೇಲೆ ಅದನ್ನೇ ಕಂಪ್ಯೂಟರಿಗೆ ಕಲಿಸಿದರು. ಜಾಗ ಎಷ್ಟು, ಏಟು ಎಷ್ಟು ಎಂದು ಹೇಳಿದರೆ ಒಂದು ಫಂಕ್ಷನ್ ಏಟುಗಳನ್ನು ಆದಷ್ಟು ಸಮನಾಗಿ ಹಂಚುವುದು; ಅದರ ಕೈಯಿಂದ ಇಸಿದುಕೊಂಡು ಇನ್ನೊಂದು ಚಿತ್ರ ಬರೆಯುವುದು, ಮತ್ತೊಂದು ಸದ್ದು ಮಾಡುವುದು. ಗೋಡೆ ಕಟ್ಟುವವರು ಇಟ್ಟಿಗೆ ದಾಟಿಸಿದ ಹಾಗೆ.

"ಇದಕ್ಕೆ ನಿನ್ನೆಯ ನೆನಪಿಲ್ಲ ಕಣೇ," ಎಂದಿದ್ದರು ಮಗಳಿಗೆ. "ಕೊಟ್ಟಿದ್ದಕ್ಕೆ ಉತ್ತರ, ಅಷ್ಟೇ. ನಿನ್ನ ಹಾಗೆ ಹಗೆ ಸಾಧಿಸಲ್ಲ."

ಒಂದು ದಿನ ಸನೋಬರ್ ದೋಯ್ರಾ ಬಾರಿಸಿದಳು. ಮುಯಸ್ಸರ್ ಪರದೆಯ ಮೇಲೆ ಎಂಟು ಜಾಗಕ್ಕೆ ನಾಲ್ಕು ಏಟಿನ ಚೌಕ ತೋರಿಸಿದರು. "ಕೊನೇ ಏಟಾದ ಮೇಲೆ ಒಂದೆಣಿಕೆ ಎಳೀತೀಯ. ತಪ್ಪು."

"ನಲವತ್ತು ವರ್ಷ ಮದುವೆ ಕುಣಿಸಿದ ಕೈ ಇದು! ನಿನ್ನ ಡಬ್ಬ ಕಟ್ಕೊಂಡು ನೀನೇ ಕುಣಿ."

ಹೋದವಳು ಹೋದಳು.

*

"ಜಾಗ ಇಲ್ಲ ಸನೋಬರ್ ಖೋಲಾ," ಎಂದಳು ಹೋಸಿಯತ್. "ಅವ್ವ ಎಂಟು ಅಂದಿದ್ಲು."

ಸದ್ರ್ ನಡೆಸಲು ಬಂದಿದ್ದ, ಹೆಂಗಸರಿಗೆ ಪ್ರಾರ್ಥನೆ ಹೇಳಿಸುವ ಓತಿನ್ ಅಜ್ಜಿ ಕೋಲು ಕುಟ್ಟಿದಳು. "ನೀಲಿ ಕಟ್ಕೊಂಡು ಬಂದವಳನ್ನ ಸುತ್ತಿಂದ ಹೊರಗಿಟ್ರೆ ಸತ್ತವಳಿಗೆ ಒಳ್ಳೇದಾಗತ್ತೇನೇ? ಸೇರಿಸ್ಕೋ!"

ಹೋಸಿಯತ್ ಧುಮುಗುಡುತ್ತ ಜಗಲಿಯ ಕಂಪ್ಯೂಟರಿಗೆ ಹೋಗಿ ಎಂಟನ್ನು ಅಳಿಸಿ ಒಂಬತ್ತು ಕುಟ್ಟಿದಳು. ಏಟು ನಾಲ್ಕೇ ಇರಲಿ. ಚೌಕದ ಒಂದು ಬದಿ ಉದ್ದವಾಯಿತು. ಸ್ಪೀಕರ್ ಸದ್ದು ಮಾಡಿತು: ಮೂರು ಏಟು ಸಲೀಸು, ನಾಲ್ಕನೆಯದಾದ ಮೇಲೆ ಒಂದೆಣಿಕೆಯ ಎಳೆತ.

ರೋಹತಳ ಸೊಂಟ ತಾನಾಗಿಯೇ ಕುಲುಕಿತು.

"ಅಯ್ಯೋ, ಅವಳು ತಪ್ಪು ಅಂದ ನನ್ನ ಏಟು ಇದೇ ಅಲ್ವೇನೇ!" ಎಂದಳು ಸನೋಬರ್.

ಹೋಸಿಯತ್ ಪರದೆಯನ್ನೇ ನೋಡಿದಳು. ಅವ್ವ ಹದಿನಾರು ವರ್ಷ ಎಂಟು ಜಾಗ ಎಣಿಸಿದ್ದಳು. ಸನೋಬರ್ ಬಾರಿಸಿದ್ದು ಒಂಬತ್ತಕ್ಕೆ.

"ತಪ್ಪಲ್ಲ ಖೋಲಾ," ಎಂದಳು, ನಗು ಉಕ್ಕಿ. "ಲೆಕ್ಕದ ಟೀಚರ್ ಎಣಿಸೋದ್ರಲ್ಲಿ ಎಡವಿದ್ಲು. ಬಾ, ನನ್ನ ಪಕ್ಕ ನಿಲ್ಲು."

"ಇದನ್ನ ಅವಳ ಬಾಯಲ್ಲೇ ಕೇಳ್ಬೇಕಿತ್ತು, ಹಾಳಾದವಳು," ಎಂದು ಸನೋಬರ್ ಮೂಗೊರೆಸಿಕೊಂಡು ಒಳಗೆ ನಿಂತಳು.

ಸುತ್ತು ಹೊರಟಿತು. ಕೈ, ಕಾಲು, ಕೈ, ಕಾಲು, ಕೈ, ಕಾಲು, ಕೈ, ಕಾಲು. ಒಂಬತ್ತನೆಯ ಜಾಗದಲ್ಲಿ ಸನೋಬರಳ ಹಿಮ್ಮಡಿ ಮೇಲೆದ್ದಿತ್ತು, ಇನ್ನೂ ಇಳಿದಿರಲಿಲ್ಲ. ಪಕ್ಕದಲ್ಲಿ ಹೋಸಿಯತ್, ಮುಂದಿನ ಸುತ್ತಿನ ಮೊದಲ ಚಪ್ಪಾಳೆಗೆ, ಎರಡೂ ಅಂಗೈ ಬಿಡಿಸಿಕೊಂಡು ಅದು ಇಳಿಯುವುದನ್ನೇ ಕಾಯುತ್ತಿದ್ದಳು.