ಗಿಡ್ಡ ಬಾಗಿಲು

"ನೀವು ತಲುಪಬೇಕಾದ ಸ್ಥಳ ಬಂದಿದೆ" ಎಂದು ಫೋನು ಕಿವಿಯಲ್ಲಿ ಹೇಳಿದಾಗ ಆಪರೇಟರ್ ಕೋಲನ್ನು ಮುಂದೆ ಚಾಚಿದಳು. ಕಬ್ಬಿಣದ ಗೇಟಿಗೆ ತಾಗಿ ಠಣ್ ಎನ್ನಬೇಕಿದ್ದ ಕೋಲು ಬರೀ ಗಾಳಿಯಲ್ಲಿ ಆಡಿತು. ಅದರ ಮುಂದೆ ಫುಟ್‌ಪಾತಿನ ಅಂಚು, ಅಂಚಿನಾಚೆ ಬಸ್ಸುಗಳು. ಒಂದು ಬಸ್ಸು ಬಿಸಿಗಾಳಿಯನ್ನು ಮುಖಕ್ಕೆ ಎರಚಿಕೊಂಡು ಹೋಯಿತು. ಒಗೆದ ಬಟ್ಟೆಗಳ ಸೋಪಿನ ಆವಿ ಇಲ್ಲ, ಓಣಿಯ ತಂಪಿಲ್ಲ. ಇದು ಅವಳ ಬಾಗಿಲಲ್ಲ.

"ಬಂದಿದೆಯಂತೆ, ನಿನ್ನ ತಲೆ!" ಎಂದು ಫೋನಿಗೆ ಬೈದಳು. ಎಂಟು ಐವತ್ತೈದು. ಒಂಬತ್ತಕ್ಕೆ ಅವಳು ಕುರ್ಚಿಯಲ್ಲಿರಬೇಕು.

ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಹತ್ತೊಂಬತ್ತು ವರ್ಷದಿಂದ ಕೂತವಳು ಅವಳು. ಹುಟ್ಟಿನಿಂದಲೇ ಕಣ್ಣಿಲ್ಲ. ಅಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರಿಗೂ ಅವಳು ಆಪರೇಟರ್. "ಲಿಫ್ಟಿನಿಂದ ಇಳಿದು ಎಡಕ್ಕೆ ಬನ್ನಿ, ನೀರಿನ ಯಂತ್ರ ದಾಟಿ ಮೂರನೇ ಬಾಗಿಲು" ಎಂದು ಕಣ್ಣಿದ್ದವರಿಗೆ ದಿನವಿಡೀ ದಾರಿ ಹೇಳುವುದೇ ಅವಳ ಅನ್ನ. ಹಳೆಯ ಕಟ್ಟಡ ಮನೆಯ ರಸ್ತೆಯ ಕೊನೆಗೇ ಇತ್ತು. ಈಗ ಬೋರ್ಡನ್ನು ಎರಡು ಕಿಲೋಮೀಟರ್ ಆಚೆಯ ಹೊಸ ಕಟ್ಟಡಕ್ಕೆ ಒಯ್ದಿದ್ದರು, ಇವತ್ತು ಅಲ್ಲಿ ಮೊದಲ ದಿನ.

ಕಟ್ಟಡ ಬದಲಾಗುವ ಸುದ್ದಿಯ ಜೊತೆಗೇ ಮ್ಯಾನೇಜರ್ ಇನ್ನೊಂದು ಮಾತು ತಂದಿದ್ದ. ಅವಳ ಓಡಾಟಕ್ಕೆ ಮನೆಯವರು ಯಾರಾದರೂ ಜವಾಬ್ದಾರಿ ಪತ್ರ ಬರೆದುಕೊಡಬೇಕು, ಅವರೇ ತಂದುಬಿಟ್ಟು ಅವರೇ ಕರೆದೊಯ್ಯಬೇಕು. ಮನೆಯಲ್ಲಿರುವುದು ಅವಳು ಮತ್ತು ತಮ್ಮ, ಇಬ್ಬರೇ. ತಮ್ಮ ಕಾರು ಕಲಿಸುವ ಶಾಲೆಯಲ್ಲಿ ಮೇಷ್ಟ್ರು, ಬೆಳಿಗ್ಗೆ ಎಂಟರಿಂದ ಪಾಠ. ಅವನಿಗೆ ಬಿಡುವಿಲ್ಲದ ದಿನ ಅವಳಿಗೆ ರಜೆ, ರಜೆಯೆಲ್ಲ ಮುಗಿದ ಮೇಲೆ ಖಾಯಂ ಮನೆ. ಲೆಕ್ಕ ಅವಳಿಗೆ ಅರ್ಥವಾಗಿತ್ತು. "ಒಂದು ತಿಂಗಳು ನಾನೊಬ್ಬಳೇ ಬರ್ತೀನಿ ಸರ್. ಒಂದೇ ಒಂದು ದಿನ ತಡ ಆದ್ರೆ ಆಮೇಲೆ ಪತ್ರದ ಮಾತು" ಎಂದು ವಾದ ಮಾಡಿ ಒಪ್ಪಿಸಿದ್ದಳು.

ನಾಲ್ಕು ಭಾನುವಾರ ಆ ದಾರಿಯನ್ನು ನಡೆದು ಬಾಯಿಪಾಠ ಮಾಡಿ, ಐದನೆಯ ಭಾನುವಾರ, ಅಂದರೆ ನಿನ್ನೆ, ಕಾಲಿಗೆ ಬಿಡುವು ಕೊಟ್ಟಿದ್ದಳು. ಒಂದು ಕಿವಿಗೆ ಇಯರ್‌ಫೋನ್, ಇನ್ನೊಂದು ಕಿವಿ ರಸ್ತೆಗೆ. ಕುರುಡರಿಗೆಂದೇ ಮಾಡಿದ ಆ್ಯಪ್ ಅದು. ಎಲ್ಲಿ ನಿಂತು ಗುರುತು ಹಾಕುತ್ತೇವೋ ಅದನ್ನು ನಾವಿಟ್ಟ ಹೆಸರಿನಿಂದಲೇ ಮುಂದೆ ನೆನಪಿಸುತ್ತದೆ. ಕೋಪ ಮೂಗಿನ ತುದಿಯಲ್ಲೇ ಇರುವ ಹೆಂಗಸು ಇಟ್ಟ ಹೆಸರುಗಳು ಹೇಗಿರುತ್ತವೆ? "ಹತ್ತು ಮೀಟರ್ ಮುಂದೆ, ಹಾಳಾದ ಸ್ಕೂಟರ್." "ಬಲಕ್ಕೆ, ಯಾವನೋ ಮುಚ್ಚದೆ ಬಿಟ್ಟ ಗುಂಡಿ." ಫೋನು ಇದನ್ನೆಲ್ಲ ಸುದ್ದಿ ಓದುವವಳ ಗಂಭೀರ ದನಿಯಲ್ಲಿ ಹೇಳುವಾಗ ಅವಳಿಗೇ ನಗು ಬರುತ್ತಿತ್ತು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ, ಸದಾ ಬೀಗ ಹಾಕಿದ ದೊಡ್ಡ ಗೇಟಿನ ಮೈಯಲ್ಲೇ ಒಂದು ಸಣ್ಣ ಬಾಗಿಲಿತ್ತು. ಬಟ್ಟೆ ಒಗೆಯುವವರು ಬೆಳಿಗ್ಗೆ ಏಳಕ್ಕೇ ಅದನ್ನು ತೆರೆದಿಡುತ್ತಿದ್ದರು. ದೊಡ್ಡ ರಸ್ತೆಯ ಗೋಜೇ ಇಲ್ಲ. ಅದನ್ನು ಕೈಯಾರೆ ತಡವಿ ಹುಡುಕಿದ ದಿನ ಅವಳು ಹಾಕಿದ ಗುರುತು: "ಗಿಡ್ಡ ಬಾಗಿಲು, ತಲೆ ಬಗ್ಗಿಸು."

ಇವತ್ತು, ಓಣಿಗೆ ತಿರುಗುವ ಬೇಕರಿಯ ಮೂಲೆಯಲ್ಲಿ ಅವಳ ಕಾಲು ತಾನಾಗಿ ಎಡಕ್ಕೆ ಹೊರಟಿತ್ತು. ಫೋನು "ನೇರ ಹೋಗಿ" ಎಂದಿತು. ಓಣಿ ಅಗೆದಿರಬೇಕು, ಅದಕ್ಕೇ ಸುತ್ತುದಾರಿ ಹೇಳುತ್ತಿದೆ ಎಂದುಕೊಂಡು ಕಾಲಿನ ಮಾತು ಬಿಟ್ಟು ಫೋನಿನ ಮಾತು ಕೇಳಿದಳು. ಈಗ ಅದನ್ನು ನೆನೆದು ಮೈಯೆಲ್ಲ ಉರಿಯಿತು.

"ಎಲ್ಲಿಗಮ್ಮಾ? ಬನ್ನಿ, ದಾಟಿಸ್ತೀನಿ" ಎಂದು ಯಾರೋ ರಟ್ಟೆಗೇ ಕೈ ಹಾಕಿದರು.

"ಬೇಡ, ಬಿಡಿ! ಆಸ್ಪತ್ರೆ ಯಾವ ಕಡೆ ಇದೆ, ಅಷ್ಟು ಹೇಳಿ ಸಾಕು!"

"ಅಯ್ಯೋ, ಅದರಲ್ಲೇನಿದೆ, ಬನ್ನಿ" ಎನ್ನುತ್ತ ಆ ಪುಣ್ಯಾತ್ಮ ದರದರ ಎಳೆದುಕೊಂಡು ರಸ್ತೆ ದಾಟಿಸಿ, "ದೇವರು ಒಳ್ಳೇದು ಮಾಡ್ಲಿ" ಎಂದು ಹರಸಿ ಹೋದ. ಆಸ್ಪತ್ರೆಯ ಮುಖ್ಯ ದ್ವಾರ ಅವಳು ಮೊದಲು ನಿಂತ ಬದಿಯಲ್ಲೇ, ಇಪ್ಪತ್ತು ಹೆಜ್ಜೆ ಆಚೆ ಇತ್ತು. ಮತ್ತೆ ಸಿಗ್ನಲ್ ಹುಡುಕಿ, ವಾಪಸ್ ದಾಟಿ, "ಜೊತೆಗೆ ಯಾರೂ ಬಂದಿಲ್ವಾ?" ಎಂದು ಅಡ್ಡ ನಿಂತ ಕಾವಲುಗಾರನಿಗೆ ಉತ್ತರ ಕೊಟ್ಟು ಕುರ್ಚಿ ಮುಟ್ಟಿದಾಗ ಒಂಬತ್ತು ಇಪ್ಪತ್ತೆಂಟು.

ಮ್ಯಾನೇಜರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನದು ಬೆಣ್ಣೆಯಂಥ ಮಾತು.

"ಪರವಾಗಿಲ್ಲ ಬಿಡಿ ಮೇಡಂ. ನಿಮ್ಮ ಲೇಟ್ ನಾವು ಬರೆಯೋದಿಲ್ಲ. ನಿಮ್ಮ ತಮ್ಮ ಶುಕ್ರವಾರವೇ ಬಂದು ಪತ್ರಕ್ಕೆ ಸೈನ್ ಮಾಡಿ ಹೋಗಿದ್ದಾರೆ. ಇವತ್ತಿನಿಂದಲೇ ಲೆಕ್ಕಕ್ಕೆ ತಗೊಳ್ಳೋಣ. ಸಂಜೆ ಅವರೇ ಬರ್ತಾರೆ."

"ಯಾರು?"

"ನಿಮ್ಮ ತಮ್ಮ. ಒಳ್ಳೇ ಮನುಷ್ಯ. ಪುಣ್ಯ ಮಾಡಿದ್ದೀರಿ."

"ಅದರಲ್ಲಿ ಏನು ಬರೆದಿದೆ, ಓದಿ ಸರ್."

ಮ್ಯಾನೇಜರ್ ಗಂಟಲು ಸರಿಮಾಡಿಕೊಂಡು ಓದಿದ: "ನನ್ನ ಅಕ್ಕ ಒಬ್ಬಳೇ ಓಡಾಡಲು ಅಸಮರ್ಥಳು. ಅವಳ ಹೋಗುಬರುವಿಕೆಯ ಪೂರ್ಣ ಜವಾಬ್ದಾರಿ ನನ್ನದು."

ಅವಳು ಬೋರ್ಡಿನ ಕಡೆ ತಿರುಗಿದಳು. ಹೆಡ್‌ಫೋನ್ ಹಾಕಿಕೊಂಡಳು. "ಲಿಫ್ಟಿನಿಂದ ಇಳಿದು ಬಲಕ್ಕೆ ಬನ್ನಿ" ಎಂದು ಮೊದಲ ಕರೆಗೆ ದಾರಿ ಹೇಳಿದಳು. ಊಟದ ಬಿಡುವಿನಲ್ಲಿ ಗುರುತುಗಳ ಪಟ್ಟಿಯನ್ನು ಒಂದೊಂದಾಗಿ ಕೇಳಿದಳು. ಸ್ಕೂಟರ್ ಇತ್ತು, ಗುಂಡಿ ಇತ್ತು. ಕೊನೆಗೆ ಗಿಡ್ಡ ಬಾಗಿಲಿನ ಜಾಗದಲ್ಲಿ ಬಂದದ್ದು: "ಆಸ್ಪತ್ರೆಯ ಮುಖ್ಯ ದ್ವಾರ. ಬದಲಾಯಿಸಿದ್ದು ಶನಿವಾರ ಸಂಜೆ." ಶನಿವಾರ ಸಂಜೆ ಫೋನು ಹಾಲ್‌ನಲ್ಲಿ ಚಾರ್ಜಿಗಿತ್ತು. ಅದರ ಲಾಕು ತೆಗೆಯಲು ಬರುವ ಎರಡನೇ ಜೀವ ಮನೆಯಲ್ಲಿ ಒಂದೇ. ಅಂಬೆಗಾಲಿಡುತ್ತಿದ್ದ ಆ ಜೀವಕ್ಕೆ ಬೆರಳು ಕೊಟ್ಟು ನಡೆಯಲು ಕಲಿಸಿದವಳು ಅವಳೇ.

ಸಂಜೆ ಐದಕ್ಕೆ ತಮ್ಮ ಬೋರ್ಡಿನ ಕೋಣೆಯ ಬಾಗಿಲಿಗೇ ಬಂದ. "ಕಾರು ಮುಂದೆ ನಿಲ್ಸಿದ್ದೀನಿ ಅಕ್ಕ, ಬೇಗ ಬಾ" ಎಂದ. ಅವಳು ಏಳಲಿಲ್ಲ.

"ನನ್ನ ಫೋನು ಮುಟ್ಟಿದ್ಯಾ?"

"ನೀನು ಗುರುತು ಹಾಕಿದ್ದು ತಪ್ಪಾಗಿತ್ತು ಅಕ್ಕ. ಗೋಡೆ ಮೇಲೆ ಹೋಗಿ ಕೂತಿತ್ತು. ಮ್ಯಾಪಲ್ಲಿ ಅಲ್ಲಿ ಬಾಗಿಲೇ ಇಲ್ಲ. ನಿಂಗೆ ಹೇಳಿದ್ರೆ ಬೇಜಾರಾಗತ್ತೆ ಅಂತ ನಾನೇ ಸರಿ ಮಾಡ್ದೆ."

"ಅಲ್ಲಿಗೆ ಹೋಗಿ ನೋಡಿದ್ಯಾ?"

"ಮ್ಯಾಪಲ್ಲಿ ನೋಡ್ದೆ."

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದೆ ಕಣೋ! ನಾಲ್ಕು ಭಾನುವಾರ ಕಾಲು ಸವೆಸಿ ಹುಡುಕಿದ ಬಾಗಿಲದು. ಕೂತ ಜಾಗದಿಂದ ಬೆರಳಲ್ಲಿ ಎಳೆದು ರಸ್ತೆಗೆ ಬಿಸಾಕಿದ್ಯಲ್ಲೋ! ಆ ಪತ್ರ? ಅದನ್ನೂ ನಂಗೆ ಬೇಜಾರಾಗತ್ತೆ ಅಂತಲೇ ಹೇಳ್ಲಿಲ್ವಾ?"

"ಅದು ಅವರೇ ಟೈಪ್ ಮಾಡಿ ಇಟ್ಟಿದ್ರು. ನಾನು ಸೈನ್ ಹಾಕ್ದೆ ಅಷ್ಟೆ."

"ಓದಿ ಹಾಕಿದ್ಯೋ, ಓದದೆ ಹಾಕಿದ್ಯೋ?"

"ಓದಿದ್ದೆ." ಅವನ ದನಿ ಕುಗ್ಗಿತು. "ಅಮ್ಮ ಹೋಗುವಾಗ ನಿನ್ನನ್ನ ನನ್ನ ಕೈಗೆ ಒಪ್ಪಿಸಿ ಹೋದ್ಲು ಅಕ್ಕ. ನಿಂಗೇನಾದ್ರೂ ಆದ್ರೆ..."

"ಅಮ್ಮ ನಿನ್ನನ್ನೂ ನನ್ನ ಕೈಗೆ ಒಪ್ಪಿಸಿದ್ಲು. ನಾನು ನಿನ್ನ ಬಗ್ಗೆ ಯಾರಿಗೂ ಬರ್ಕೊಟ್ಟಿಲ್ಲ." ಅವಳು ಎದ್ದು ಕೋಲು ಬಿಡಿಸಿದಳು. "ನಿನ್ನ ಪಾಠದ ಕಾರಲ್ಲಿ ನಿನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆಯಲ್ಲ, ಅಂಥದ್ದೇ ನಂಗೂ ಒಂದು ಹಾಕ್ಸಿದ್ದೀಯ. ಕಲಿತವರ ಕಾರಲ್ಲೂ ಹೋಗಿ ಕೂತ್ಕೊತೀಯಾ? ಇಲ್ಲ ತಾನೇ? ಬಾ ನನ್ನ ಹಿಂದೆ."

ಮುಖ್ಯ ದ್ವಾರದಿಂದ ಹೊರಟು ಆಸ್ಪತ್ರೆಯ ಗೋಡೆಯನ್ನು ಸುತ್ತಿ ಅವಳು ಹಿಂದಿನ ಓಣಿಗೆ ಹೊರಳಿದಳು. ಕಾರು, ಪಾಠ ಎಂದು ಏನೋ ಗೊಣಗುತ್ತ ತಮ್ಮ ಹಿಂದೆ ಬಂದ. ಸೋಪಿನ ಆವಿ ಮೂಗಿಗೆ ಬಡಿದ ಕೂಡಲೇ ಅವಳ ನಡೆ ಚುರುಕಾಯಿತು. ಗೋಡೆ ಮುಗಿದು ಕೋಲು ಠಣ್ ಎಂದಿತು. ಎಡಗೈಯಿಂದ ಮೇಲಿನ ಕಂಬಿ ಹಿಡಿದು, ತಲೆ ಬಗ್ಗಿಸಿ, ಹೊಸ್ತಿಲು ದಾಟಿ ಒಳಗೆ ಹೋಗಿ ನಿಂತಳು. ಹಿಂದಿನವನಿಗೆ ಒಂದು ಮಾತೂ ಹೇಳಲಿಲ್ಲ.

ಧಡ್ ಎಂದಿತು.

"ಅಯ್ಯಮ್ಮಾ!"

"ನೀನು ಅಳಿಸಿ ಹಾಕಿದ ಗುರುತಿನ ಹೆಸರೇನಿತ್ತು?"

ಅವನು ನರಳಿದ. "ಗಿಡ್ಡ ಬಾಗಿಲು..."

"ಪೂರ್ತಿ ಹೇಳು."

"ತಲೆ ಬಗ್ಗಿಸು."

ಅವಳು ನಗಲಿಲ್ಲ. ನಗುವಷ್ಟು ಕೋಪ ಇಳಿದಿರಲಿಲ್ಲ. ಅವನನ್ನು ಹಿಂದಿಟ್ಟುಕೊಂಡೇ ಬಟ್ಟೆ ಒಗೆಯುವವರ ಅಂಗಳ ದಾಟಿ ಮ್ಯಾನೇಜರನ ಕೋಣೆಗೆ ನಡೆದಳು. ಮ್ಯಾನೇಜರ್ ಎದ್ದು, "ಏನಾಯ್ತು? ಹಣೆ ಊದಿದೆಯಲ್ಲ?" ಎಂದು ತಮ್ಮನನ್ನು ಕೇಳಿದ.

ಅವಳು ತಮ್ಮನಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು. ಇದನ್ನು ಅವನೇ ಹೇಳಬೇಕಿತ್ತು.

"ಸರ್, ಆ ಪತ್ರ ವಾಪಸ್ ಕೊಡಿ" ಎಂದ ತಮ್ಮ. "ದಾರಿ ನೋಡದೆ ಬರ್ಕೊಟ್ಟಿದ್ದೆ. ಅಕ್ಕನ ದಾರಿ ಸರಿಯಾಗೇ ಇತ್ತು. ಕೆಡಿಸಿದ್ದು ನಾನು."

"ಫೈಲಿಗೆ ಹಾಕಿಬಿಟ್ಟಿದ್ದೀನಲ್ಲ..."

"ಫೈಲಿಂದ ತೆಗೀರಿ ಸರ್" ಎಂದಳು ಅವಳು. "ಇವತ್ತು ಇಪ್ಪತ್ತೆಂಟು ನಿಮಿಷ ತಡ ಆಗಿದೆ. ಅದನ್ನ ಬರೀರಿ. ಎಲ್ಲರಿಗೂ ಬರೆಯೋ ಹಾಗೆ, ಕೆಂಪು ಇಂಕಲ್ಲಿ. ತಡ ನಂದು, ನಾನು ಹೊರ್ತೀನಿ. ನನ್ನನ್ನ ಯಾರೂ ಹೊರೋದು ಬೇಡ. ತಡಕ್ಕೆ ಕಾರಣ ಇವನ ಬಾಯಿಂದಲೇ ಕೇಳಿದ್ರಿ. ನಾನು ಕೇಳಿದ ಒಂದು ತಿಂಗಳನ್ನ ನಾಳೆಯಿಂದ ಹೊಸದಾಗಿ ಎಣಿಸಿ."

ಕಾಗದ ಸರಿದ ಸದ್ದು, ಪಿನ್ ಕಿತ್ತ ಸದ್ದು. ಆಮೇಲೆ ಹಾಜರಿ ಪುಸ್ತಕದ ಹಾಳೆ ತಿರುವಿ ಪೆನ್ನು ಗೀಚಿತು. ಹತ್ತೊಂಬತ್ತು ವರ್ಷದಲ್ಲಿ ಅದು ಅವಳ ಮೊದಲ ಕೆಂಪು ಗೀಟು. ಪತ್ರವನ್ನು ಅವಳು ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ತುರುಕಿದಳು.

ಹೊರಗೆ ಬಂದು ಗಿಡ್ಡ ಬಾಗಿಲ ಬಳಿ ನಿಂತು ಗುರುತು ಮತ್ತೆ ಹಾಕಿದಳು. ಆಮೇಲೆ ಫೋನಿನ ಲಾಕು ಬದಲಾಯಿಸಲು ಶುರು ಮಾಡಿದಳು.

"ನಾನು ನೋಡ್ತಿಲ್ಲ ಅಕ್ಕ" ಎಂದ ತಮ್ಮ.

ನೋಡುತ್ತಿದ್ದಾನೋ ಇಲ್ಲವೋ ಅವಳಿಗೆ ತಿಳಿಯುವುದು ಹೇಗೆ? ಇಷ್ಟು ವರ್ಷ ತಿಳಿದುಕೊಳ್ಳಬೇಕು ಅನ್ನಿಸಿರಲಿಲ್ಲ. ಅವನಿಗೆ ಬೆನ್ನು ಮಾಡಿ, ಫೋನನ್ನು ಎದೆಗೆ ಒತ್ತಿಕೊಂಡು ಆರು ಅಂಕೆ ಒತ್ತಿದಳು. ಹಾಗೆ ಬೆನ್ನು ಮಾಡಿ ನಿಂತದ್ದರಿಂದ ಇಬ್ಬರಿಗೂ ನೋವಾಯಿತು.

"ನಿನ್ನ ಕಾರು ಮುಂದಿದೆ. ಹೋಗು" ಎಂದಳು.

"ನೀನು?"

ಅವಳ ಕೋಲು ಆಗಲೇ ಓಣಿಯಲ್ಲಿ ದೂರವಾಗುತ್ತಿತ್ತು.

ಸಂಜೆಯ ಹೊತ್ತು ದೊಡ್ಡ ರಸ್ತೆಯಲ್ಲಿ ಕಾರುಗಳು ಇಂಚಿಂಚು ತೆವಳುತ್ತವೆ. ಇಪ್ಪತ್ತೆಂಟು ನಿಮಿಷಕ್ಕೆ ಅವಳು ಮನೆಯ ಬೀಗ ತೆಗೆದಳು. ಪತ್ರವನ್ನು ಚೂರು ಚೂರು ಮಾಡಿ ಒಲೆಯ ಪಕ್ಕದ ಕಸದ ಬುಟ್ಟಿಗೆ ಹಾಕಿದಳು. ಫ್ರಿಜ್ಜಿನಿಂದ ಐಸ್ ತೆಗೆದು, ಒಗೆದ ಕರವಸ್ತ್ರದಲ್ಲಿ ಗಂಟು ಕಟ್ಟಿ, ಅವನು ಕೂರುವ ಕುರ್ಚಿಯ ಎದುರಿಗೆ ಮೇಜಿನ ಮೇಲೆ ಕುಕ್ಕಿದಳು. ಕಾರು ಇನ್ನೂ ಬಂದಿರಲಿಲ್ಲ. ಗಂಟಿನಿಂದ ನೀರು ಜಿನುಗಿ, ಮೇಜಿನ ಅಂಚಿಗೆ ಹರಿದು, ನೆಲಕ್ಕೆ ತೊಟ್ಟಿಕ್ಕುವುದನ್ನು ಕೇಳುತ್ತ ಕೂತಳು.