ರಾಚವ್ವ ಇರುವ ತನಕ

ಪೂನಮ್, ಗೋಡೆಗೆ ಒರಗಿಸಿ ಕೂರಿಸಿದ್ದ ತನ್ನ ಅಜ್ಜಿ ರಾಚವ್ವನ ಹೆಣಕ್ಕೆ ಇನ್ನೊಂದು ತಂಬಿಗೆ ನೀರು ಹಾಕುತ್ತಿದ್ದಾಗಲೇ ಸೋದರತ್ತೆ ಕೆಂಪವ್ವ ಮದುವೆಯ ಮಾತು ತೆಗೆದಳು.

“ಮನ್ಯಾಗ ಹಿರಿಜೀವ ಹೋತಂದ್ರ ವರ್ಷದೊಳಗ ಮದುವಿ ಆಗಬೇಕು. ಇಲ್ಲಂದ್ರ ಮೂರು ವರ್ಷ ತಲಿ ಮ್ಯಾಲ ಅಕ್ಕಿಕಾಳ ಬೀಳಂಗಿಲ್ಲ. ನಮ್ಮ ವಿರೂಪಾಕ್ಷ ಏನ ಹೊರಗಿನಾಂವ?”

ವಿರೂಪಾಕ್ಷ ಅವಳ ಮಗ. ಎಂ.ಕೆ. ಹುಬ್ಬಳ್ಳಿಯ ಫ್ಯಾಕ್ಟರಿಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ.

“ಹುಡುಗಿ ಇನ್ನಾ ಸಾಲ್ಯಾಗ ಒಂಬತ್ತನೇತ್ತ ಐತೆವ್ವಾ,” ಎಂದಳು ನೆರೆಮನೆಯ ರಾಮವ್ವ.

“ಟಿವ್ಯಾಗ ನೋಡೀರಿಲ್ಲ? ಆ ಧಾರಾವಾಹ್ಯಾಗ ಮದುವಿ ಆದ ಹುಡುಗಿ ಇದಕ್ಕಿಂತ ಸಣ್ಣಾಕಿ. ಅತ್ತಿಮನ್ಯಾವ್ರು ಸೈಕಲ್ ಕೊಡಿಸಿ ಸಾಲಿಗೆ ಕಳಸಾಕತ್ಯಾರ. ನಾನೂ ಕಳಸ್ತೇನಿ.”

ಚಚಡಿ ಊರಿನ ಆ ಓಣಿಯಲ್ಲಿ ಧಾರಾವಾಹಿಯ ಮಾತೆಂದರೆ ಮುಗಿಯಿತು, ಪುರಾಣಕ್ಕಿಂತ ಒಂದು ಕೈ ಮೇಲು. ಅದಕ್ಕೆ ಎದುರಾಡುತ್ತಿದ್ದವಳು ಒಬ್ಬಳೇ. ಅವಳು ಈಗ ಗೋಡೆಗೆ ಒರಗಿ ಕಣ್ಣುಮುಚ್ಚಿ ಕುಳಿತಿದ್ದಳು.

*

ಧಾರಾವಾಹಿಯಲ್ಲಿ ಆ ಮದುವೆ ನಡೆದ ದಿನ ಮನೆಮಂದಿಯೆಲ್ಲ ಖುಷಿಯಿಂದ ಕಣ್ಣೊರೆಸಿಕೊಂಡಿದ್ದರು. ರಾಚವ್ವ ಮಾತ್ರ ಎಲೆಅಡಿಕೆ ಜಗಿಯುತ್ತ, “ಮೈತುಂಬ ಬಂಗಾರ ಹೇರ್‍ಯಾರ. ಬಸರ ಆಗೂದು, ಹಡಿಯೂದು ಯಾವಾಗ ತೋರಸ್ತಾರ?” ಎಂದಿದ್ದಳು.

ಅವಳಿಗೆ ಹನ್ನೆರಡಕ್ಕೇ ಮದುವೆ. “ಚೊಚ್ಚಲ ಕೂಸಿನ್ನ ಮುಂಜಾನೆ ಮಣ್ಣ ಮಾಡಿದ್ರು. ಸಂಜಿಕ ನಾ ರೊಟ್ಟಿ ಬಡಿಯಾಕ ಕುಂತಿದ್ದೆ,” ಎನ್ನುತ್ತಿದ್ದಳು.

ಮಗ ಮಡಿವಾಳೆಪ್ಪನಿಗೆ ಅಂದೇ ಕಡ್ಡಿ ಮುರಿದಂತೆ ಹೇಳಿದ್ದಳು: “ನಾ ಇರೂತನಕ ನಿನ್ನ ಮಗಳಿಗೆ ಅರಿಷಿಣ ಹಚ್ಚಾಕ ಬಿಡಂಗಿಲ್ಲ.”

ಪೂನಮ್ ಆ ಮಾತನ್ನು ನಂಬಿ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಿದ್ದಳು.

*

ಮಣ್ಣು ಮಾಡಿ ಬಂದವರು ಕೈಕಾಲು ತೊಳೆದು ದೀಪಕ್ಕೆ ಕೈಮುಗಿದರು. ಪೂನಮ್ ಅಪ್ಪನ ಹತ್ತಿರ ಹೋದಳು.

“ಅಪ್ಪಾ, ಆಯಿ ಬ್ಯಾಡ ಅಂದಿದ್ಳು.”

“ಆಕಿ ಹೋದ್ಲಲ್ಲವಾ,” ಎಂದ ಮಡಿವಾಳೆಪ್ಪ, ಮುಖ ಎತ್ತದೆ. “ಅತ್ತಿ ಅಂದಂಗ ಆಗಲಿ.”

ಪೂನಮ್‌ಗೆ ಆಗ ನಿಜವಾಗಿ ಅಳು ಬಂತು. ಮುದುಕಿಗಾಗಿ ಅಳುತ್ತಿದ್ದಾಳೆಂದು ಎಲ್ಲರೂ ಸಮಾಧಾನ ಮಾಡಿದರು.

ಸಂಜೆ, ಸಾವಿನ ಮನೆಯಲ್ಲಿ ಸಪ್ಪಳ ಬೇಡವೆಂದು, ದನಿ ಪೂರ್ತಿ ಇಳಿಸಿ ಟಿವಿ ಹಚ್ಚಿದರು. ಕೆಂಪವ್ವ ಪೂನಮ್‌ಳನ್ನು ಮಗ್ಗುಲಲ್ಲಿ ಕೂರಿಸಿಕೊಂಡು, ಅಳತೆ ನೋಡಲು ತನ್ನದೊಂದು ಹಸಿರು ಬಳೆ ತೊಡಿಸಿದಳು. ಬಳೆ ಜಾರಿ ಮೊಣಕೈವರೆಗೆ ಹೋಯಿತು. ಟಿವಿಯಲ್ಲಿ ಆ ಹುಡುಗಿ ಒಲೆಯ ಮುಂದೆ ಕುಳಿತು ಅಳುತ್ತಿದ್ದಳು.

“ಪಾಪ, ಎಷ್ಟ ಸಣ್ಣ ಕೂಸ ಐತಿ,” ಎಂದು ಕೆಂಪವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನೊಂದು ಕೈ ಪೂನಮ್‌ಳ ಮುಂಗೈಯನ್ನು ಹಿಡಿದೇ ಇತ್ತು.